ಜೇಜಿಯ ಇಯರ್‌ಫೋನು

ಮೊನ್ನೆ ರಾಗಿ ಮಿಲ್ಲಿಗೆ ಹೊರಟವನಿಗೆ ಸೇರು ಸಿಗಲಿಲ್ಲ. ಹಿಟ್ಟಿನ ಡಬ್ಬದ ಮೇಲೆ ನೋಡಿದೆ, ಮಂಚದ ಕೆಳಗೆ ಬಗ್ಗಿದೆ, ದೇವರ ಗೂಡಿನಲ್ಲಿ ಕೈಯಾಡಿಸಿ ಕುಂಕುಮ ಚೆಲ್ಲಿ ಬೈಸಿಕೊಂಡೆ. ಕೊನೆಗೆ ಅದು ಸಿಕ್ಕಿದ್ದು ನಡುಮನೆಯಲ್ಲಿ, ಮೊಮ್ಮಗಳು ಊಟಕ್ಕೆ ಕೂರುವ ಜಾಗದಲ್ಲಿ, ಹೊಟ್ಟೆಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು. ನಮ್ಮಪ್ಪ, ಅವರಪ್ಪ ಎಲ್ಲರೂ ರಾಗಿ ಅಳೆದ ಹಿತ್ತಾಳೆ ಸೇರು ಅದು. ಈಚೆಗೆ ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಉದ್ಯೋಗ ಸಿಕ್ಕಿತ್ತು. ಅದಕ್ಕೆ ಫೋನನ್ನು ಒರಗಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಬಿಗಿದು, ಹಂಸಿಕಾಳ ಬಾಯಿಗೆ ತುತ್ತು ಇಡುತ್ತಿದ್ದೆವು. ಫೋನು ಅಲ್ಲಿಂದ ಹೋಗಿ ಎಷ್ಟೋ ತಿಂಗಳಾದರೂ ಸೇರನ್ನು ಎತ್ತಿಡುವ ಬುದ್ಧಿ ಯಾರಿಗೂ ಬಂದಿರಲಿಲ್ಲ. ರಬ್ಬರ್ ಬ್ಯಾಂಡ್ ಬಿಚ್ಚಹೋದರೆ ಒಣಗಿ ಅಂಟಿಕೊಂಡಿತ್ತು, ತುಂಡುತುಂಡಾಗಿ ಕೈಗೆ ಬಂತು. ಅದನ್ನು ಉಗುರಿನಲ್ಲಿ ಕೆರೆಯುತ್ತಾ ಅಲ್ಲೇ ಕುಳಿತುಬಿಟ್ಟೆ. ಆವತ್ತು ಮಿಲ್ಲಿಗೆ ಹೋಗಲಿಲ್ಲ.

ನಿಮಗೆ ನನ್ನ ಪರಿಚಯ ಹೇಳಬೇಕಲ್ಲ. ನಾನು ಬಂಗಾರಪೇಟೆ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹಿಂದೆ ಆಯುಸ್ಸು ಕಳೆದವನು. ಕಿಟಕಿಯ ತೂತಿನಲ್ಲಿ ತೂರಿ ಬರುವ ಕೈಯನ್ನು ನೋಡಿಯೇ ಅದರ ಹಿಂದಿನ ಬಾಯಿ ಯಾವ ಭಾಷೆ ಆಡುತ್ತದೆಂದು ಹೇಳಬಲ್ಲೆ ಎಂದು ಜೊತೆಯವರ ಮುಂದೆ ಜಂಬ ಕೊಚ್ಚುತ್ತಿದ್ದೆ. ಬಹಳ ಸಲ ತಪ್ಪುತ್ತಿತ್ತು. ನಮ್ಮ ಕಡೆಯ ಜನ ಕನ್ನಡದಲ್ಲಿ ಟಿಕೆಟ್ ಕೇಳಿ, ತೆಲುಗಿನಲ್ಲಿ ಚಿಲ್ಲರೆ ಇಲ್ಲವೆಂದು ಹೇಳಿ, ತಮಿಳಿನಲ್ಲಿ ನನ್ನನ್ನು ಬೈದು ಹೋಗುವವರು. ಬೈದದ್ದು ಪೂರಾ ಅರ್ಥವಾಗುತ್ತಿತ್ತು ಎನ್ನುವುದಷ್ಟೇ ನನ್ನ ಪಾಂಡಿತ್ಯ.

ಆ ಪಾಂಡಿತ್ಯ ಸಂಪಾದಿಸಿದ್ದು ನಮ್ಮಪ್ಪನ ಸೈಕಲ್ಲಿನ ಹಿಂದೆ ಕುಳಿತು. ನಮ್ಮದು ಕ್ಯಾಸಂಬಳ್ಳಿಯ ಪಕ್ಕದ ಹಳ್ಳಿ. ರಜೆ ಬಂದರೆ ಅಪ್ಪ ಬದನೆ, ಬೀನ್ಸು, ನೂಕೋಲಿನ ಮೂಟೆ ಕಟ್ಟಿ ಅದರ ಮೇಲೆ ನನ್ನನ್ನೂ ಕೂರಿಸಿಕೊಂಡು ನಂದಿದುರ್ಗದ ಚಿನ್ನದ ಗಣಿಯ ಕೂಲಿ ಲೈನುಗಳಿಗೆ ತರಕಾರಿ ಮಾರಲು ಹೋಗುತ್ತಿದ್ದರು. ಒತ್ತೊತ್ತಾಗಿ ನಿಂತ ಮನೆಗಳು, ಬಾಗಿಲಲ್ಲಿ ನಿಂತ ಹೆಂಗಸರು, ಎಲ್ಲರ ಬಾಯಲ್ಲೂ ತಮಿಳು. ಅಲ್ಲಿ ಒಬ್ಬ ದಪ್ಪನೆಯ ಹೆಂಗಸು ನನಗೆ ಮಜ್ಜಿಗೆ ಕೊಡುವವಳು. ಆದರೆ ಸುಮ್ಮನೆ ಕೊಡುತ್ತಿರಲಿಲ್ಲ. ಚೊಂಬನ್ನು ಸೊಂಟದ ಮೇಲಿಟ್ಟುಕೊಂಡು "ಎನ್ನ ವೇಣುಂ, ಸೊಲ್ಲು" ಎಂದು ನನ್ನ ಮುಖ ನೋಡುತ್ತಾ ನಿಂತುಬಿಡುತ್ತಿದ್ದಳು. ಏನು ಬೇಕು, ಬಾಯಿಬಿಟ್ಟು ಹೇಳು ಎಂದು. ನನಗೆ ನಾಚಿಕೆ. ಅಪ್ಪ ಸೈಕಲ್ ಗಂಟೆ ಬಾರಿಸಿ ಅವಸರ ಮಾಡಿದರೂ ಅವಳಿಗೆ ಲೆಕ್ಕವಿಲ್ಲ. ಗಂಟಲು ಒಣಗಿ, ಕಣ್ಣಲ್ಲಿ ನೀರು ಬರುವ ಹೊತ್ತಿಗೆ ನನ್ನ ಬಾಯಿಂದ "ಮೋರು" ಎಂಬ ಶಬ್ದ ಹೊರಬೀಳುತ್ತಿತ್ತು. ಮಜ್ಜಿಗೆ ಚೊಂಬು ಕೈಗೆ ಬರುತ್ತಿತ್ತು. ನನಗೆ ಗೊತ್ತಿರುವ ತಮಿಳೆಲ್ಲ ಆ ಹೆಂಗಸಿನ ಹಟದಿಂದ ಬಂದದ್ದು.

ತೆಲುಗು ಮಾತ್ರ ನನಗೆ ಮದುವೆಯ ಜೊತೆ ಬಂತು. ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ ಆಂಧ್ರದ ಗಡಿಯಾಚೆಯ ಊರಿನವಳು. ವೆಂಕಟಮ್ಮ ಎಂದೇ ಎಲ್ಲರೂ ಕರೆಯುವುದು. ಬಂದ ಹೊಸದರಲ್ಲಿ ನಮ್ಮಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಇವ್ಳು ಯಾರ್ ತಾವ ಮಾತಾಡ್ತಾ ಅವ್ಳೆ ನೋಡ್ಲಾ" ಎಂದು ಗಾಬರಿಯಿಂದ ಕೇಳಿದ್ದರು. ಹೋಗಿ ನೋಡಿದರೆ ಒಲೆಯ ಜೊತೆ ಮಾತಾಡುತ್ತಿದ್ದಳು. ಸೌದೆ ಹಸಿಯಾಗಿದೆ ಎಂದು ಒಲೆಗೆ ಸಮಾಧಾನ ಹೇಳುತ್ತಿದ್ದಳು. ಹಸುವಿನ ಜೊತೆ, ಕೋಳಿಯ ಜೊತೆ, ಉಕ್ಕಿದ ಹಾಲಿನ ಜೊತೆ, ಸಿಕ್ಕದೆ ಹೋದ ಸೂಜಿಯ ಜೊತೆಯೂ ಅವಳ ತೆಲುಗು ಹರಿಯುತ್ತಿತ್ತು. ನಮ್ಮ ಹಸುಗಳಿಗೆ ಇಂದಿಗೂ ಕನ್ನಡ ಬರುವುದಿಲ್ಲ. ನಾನು "ಬಾ" ಎಂದರೆ ಕಿವಿ ಕೂಡ ಅಲ್ಲಾಡಿಸುವುದಿಲ್ಲ, ಅವಳು "ರಾ" ಎಂದರೆ ಹಗ್ಗ ಕಿತ್ತುಕೊಂಡು ಹೋಗುತ್ತವೆ.

ಮಗ ಮಂಜುನಾಥ ಹುಟ್ಟಿದಾಗ ಅವಳ ಮಾತಿಗೆ ಒಂದು ಕೇಳುವ ಕಿವಿ ಸಿಕ್ಕಿತು. ಕಾಲು ನೀಡಿ ಕುಳಿತು, ಕಾಲಿನ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು ನೀರು ಹಾಕುವಾಗ ಅವಳು ಆಡುತ್ತಿದ್ದ ಮಾತು ಕೇಳಬೇಕಿತ್ತು ನೀವು. ಇದು ಎಣ್ಣೆ, ಇದು ಸೀಗೆಕಾಯಿ, ಇದು ನಿನ್ನ ಬೆನ್ನು, ಇದು ನಿಮ್ಮಪ್ಪನ ಹಾಗೇ ಚಪ್ಪಟೆ ತಲೆ, ಈಗ ನೀರು ಬರುತ್ತೆ, ಬಂತು ಬಂತು, ಹೋಯಿತು. ಮಂಜ ಇನ್ನೂ ನೆಟ್ಟಗೆ ನಡೆಯುವ ಮೊದಲೇ ಗಲಗಲ ಮಾತಾಡಿದ. ಎಲ್ಲಾ ತೆಲುಗು. ನಾನು ಸ್ಟೇಷನ್ನಿನಿಂದ ಬಂದಾಗ ನನ್ನ ಮಗ ನನ್ನನ್ನೇ "ಎವರು?" ಎಂದು ವಿಚಾರಿಸುತ್ತಿದ್ದ. ಯಾರು ನೀನು ಅಂತ!

ಆ ಮಂಜನಿಗೆ ಈಗ ಮದುವೆಯಾಗಿದೆ. ಸೊಸೆ ಶಾಂತಿ ನಂದಿದುರ್ಗದ ಲೈನಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಮನೆಮಾತು ತಮಿಳು. ನನಗೆ ಮಜ್ಜಿಗೆ ಕೊಟ್ಟವಳ ಮೊಮ್ಮಗಳೇ ಇರಬಹುದೆಂದು ಬಹಳ ವಿಚಾರಿಸಿದೆ, ಅಲ್ಲವಂತೆ. ಗಂಡ ಹೆಂಡತಿ ಇಬ್ಬರೂ ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂಗೆ ಸ್ಕೂಟರಿನಲ್ಲಿ ಹೋಗಿ ಬೆಂಗಳೂರಿನ ರೈಲು ಹಿಡಿಯುತ್ತಾರೆ. ಅವನು ಒಂದು ಕಾರ್ಖಾನೆಯಲ್ಲಿ, ಅವಳು ಒಂದು ಗಾರ್ಮೆಂಟ್ಸಿನಲ್ಲಿ. ಮಗಳು ಹಂಸಿಕಾ ಏಳುವ ಮುಂಚೆ ಹೊರಟು, ಅವಳಿಗೆ ನಿದ್ದೆ ತೂಗುವ ಹೊತ್ತಿಗೆ ಬರುತ್ತಾರೆ. ನಡುವಿನ ಇಡೀ ಹಗಲು ಮಗು ನಮ್ಮದು. ಅವಳು ಹುಟ್ಟಿದಾಗ ವೆಂಕಟಮ್ಮ "ಜೇಜಿ ಅನಿಪಿಸ್ಕೋಬೇಕು ನಾನು" ಎಂದು ಊರೆಲ್ಲ ಹೇಳಿಕೊಂಡು ಬಂದಳು. ಅವರ ಕಡೆ ಅಜ್ಜಿಯನ್ನು ಜೇಜಿ ಎನ್ನುತ್ತಾರೆ.

ಫೋನು ಯಾವಾಗ ಬಂತೆಂದು ನನಗೆ ಸರಿಯಾಗಿ ನೆನಪಿಲ್ಲ. ನೆಂಟರ ಹಾಗೆ ಬಾಗಿಲು ತಟ್ಟಿ ಬಂದಿದ್ದರೆ ನೆನಪಿರುತ್ತಿತ್ತು. ವೆಂಕಟಮ್ಮನಿಗೆ ಹಾಲು ಕರೆಯುವ ಹೊತ್ತು, ಮಗುವಿಗೆ ಹಸಿವಿನ ಹೊತ್ತು, ಎರಡೂ ಒಂದೇ. ಮಂಜ ತನ್ನ ಹಳೆಯ ಫೋನಿನಲ್ಲಿ ಬಣ್ಣಬಣ್ಣದ ಬೊಂಬೆಗಳನ್ನು ಹಚ್ಚಿಕೊಟ್ಟ. ಮಗು ಬಾಯಿ ತೆರೆಯಿತು, ತುತ್ತು ಒಳಗೆ ಹೋಯಿತು. ಅಳುವಿಲ್ಲ, ರಂಪವಿಲ್ಲ. ಇಷ್ಟು ಒಳ್ಳೆಯ ಮಗುವನ್ನು ನಾವು ಕಂಡೇ ಇರಲಿಲ್ಲ ಎಂದು ಹೊಗಳಿದೆವು. ನಾನಂತೂ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದ ಟೆಂಡರ್ ಪ್ರಕಟಣೆಗಳವರೆಗೂ ಓದತೊಡಗಿದೆ.

ಎರಡು ವರ್ಷ ದಾಟಿದರೂ ಮಾತು ಬರಲಿಲ್ಲ. ಯಾರೂ ಹೆದರಲಿಲ್ಲ. ನಾನೂ ತಡವಾಗಿ ಮಾತು ಕಲಿತವನಂತೆ. ದೇವಸ್ಥಾನದ ಗಂಟೆಯನ್ನು ಕವುಚಿ ಅದರಲ್ಲಿ ನೀರು ತುಂಬಿ ಕುಡಿಸಿದ ಮೇಲೆ ನನಗೆ ನಾಲಗೆ ಹೊರಳಿತೆಂದು ನಮ್ಮಮ್ಮ ಹೇಳುತ್ತಿದ್ದರು. ಹಂಸಿಗೂ ಗಂಟೆಯ ನೀರು ಕುಡಿಸಿದೆವು, ನಾಲಗೆಗೆ ಬಜೆ ತೇಯ್ದು ಹಚ್ಚಿದೆವು. ಬಜೆಯ ಕಹಿಗೆ ಅವಳು ಮುಖ ಸೊಟ್ಟ ಮಾಡಿದ್ದನ್ನು ಫೋನಿನಲ್ಲಿ ವಿಡಿಯೋ ಮಾಡಿ, ಅದನ್ನೇ ತೋರಿಸಿ ಸಮಾಧಾನ ಮಾಡಿದೆವು. ತಾತನ ಹಾಗೇ ಮೊಮ್ಮಗಳು ಎಂದು ಬಂದವರೆಲ್ಲ ಹೇಳುವಾಗ ನನಗೆ ಒಳಗೊಳಗೇ ಹೆಮ್ಮೆ. ನನ್ನದು ಎನ್ನುವುದು ಒಂದಾದರೂ ಆ ಮಗುವಿಗೆ ಬಂದಿದೆಯಲ್ಲ!

ಮೂರು ತುಂಬುತ್ತಾ ಬಂದಾಗ ಮಂಜನೂ ಶಾಂತಿಯೂ ಅವಳನ್ನು ಬಂಗಾರಪೇಟೆಯ ಒಂದು ಪುಟ್ಟಮಕ್ಕಳ ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಅಲ್ಲಿಯ ಮೇಡಂ ಮಗುವನ್ನು ಮಾತಾಡಿಸಿ ನೋಡಿದರು. ಆಮೇಲೆ ಮನೆಯಲ್ಲಿ ಯಾರ್ಯಾರು ಏನೇನು ಭಾಷೆ ಆಡುತ್ತೀರಿ ಎಂದು ಕೇಳಿದರು. ಮಂಜ ಪಟ್ಟಿ ಒಪ್ಪಿಸಿದ. ಸಂಜೆ ಮನೆಗೆ ಬಂದವನು ಚಪ್ಪಲಿ ಕೂಡ ಬಿಡದೆ ಅಂಗಳದಲ್ಲೇ ನಿಂತು ಹೇಳಿದ:

"ಅಪ್ಪಾ, ತಪ್ಪು ಎಲ್ಲದೆ ಅಂತ ಗೊತ್ತಾಯ್ತು. ಮೂರ್ ಮೂರ್ ಭಾಸೆ ಒಟ್ಗೆ ಕೇಳಿ ಮಗೀಗೆ ಗಲಿಬಿಲಿ ಆಗ್ಬುಟ್ಟದಂತೆ. ಒಂದೇ ಭಾಸೆ ಇರ್ಬೇಕಂತೆ. ಎಂಗಿದ್ರೂ ಸ್ಕೂಲ್ನಲ್ಲಿ ಇಂಗ್ಲೀಸು. ಮನೇನಾಗೂ ಅದೇ ಇರ್ಲಿ ಅಂದ್ರು."

"ಇಂಗ್ಲೀಸ್ ಯಾರ್ಲಾ ಮಾತಾಡ್ತಾರೆ ನಮ್ ಮನೇನಾಗೆ?" ಎಂದೆ.

ಮಂಜ ಬಾಗಿಲಾಚೆ, ಮಗು ಬಂದ ಕೂಡಲೇ ಸೇರಿಗೆ ಒರಗಿಸಿದ್ದ ಫೋನಿನ ಕಡೆ ನೋಡಿದ. ಅದರೊಳಗಿನ ಬೊಂಬೆ ಅಷ್ಟೂ ಹೊತ್ತು ಇಂಗ್ಲಿಷ್ ಮಾತಾಡುತ್ತಲೇ ಇತ್ತು.

ಆವತ್ತು ನಮಗೆಲ್ಲ ದೊಡ್ಡ ಸಮಾಧಾನವಾಗಿತ್ತು. ಮಗುವಿಗೆ ರೋಗವಿಲ್ಲ, ಭಾಷೆ ಹೆಚ್ಚಾಗಿದೆ ಅಷ್ಟೆ. ನಮ್ಮ ಸೀಮೆಯ ಜನಕ್ಕೆ ಭಾಷೆ ಹೆಚ್ಚಾಗಿ ಏನಾದರೂ ಕೆಟ್ಟಿದೆಯೇ ಎಂದು ಯಾರೊಬ್ಬರೂ ಕೇಳಲಿಲ್ಲ. ಮೂರು ಭಾಷೆಯಲ್ಲಿ ಬೈಸಿಕೊಂಡು ಬೆಳೆದ ನಾನೂ ಕೇಳಲಿಲ್ಲ. ಕಡಿಮೆ ಮಾಡುವುದೆಂದು ತೀರ್ಮಾನವಾಯಿತು. ಶಾಂತಿ ತನ್ನ ತಾಯಿಯ ಜೊತೆ ಫೋನಿನಲ್ಲಿ ತಮಿಳು ಆಡಬೇಕಾದರೆ ಹಿತ್ತಿಲಿಗೆ ಹೋಗುವಳು. ಕನ್ನಡದ ಪಾಲಿಗೆ ನಾನೊಬ್ಬನಿದ್ದೆ, ಮೊದಲೇ ಮಿತಭಾಷಿ. ಉಳಿದದ್ದು ತೆಲುಗು. ಅದನ್ನು ನಿಲ್ಲಿಸುವುದೆಂದರೆ ವೆಂಕಟಮ್ಮನ ಬಾಯಿ ಮುಚ್ಚಿಸುವುದು.

"ನಾನು ಮಾತಾಡ್ದಿದ್ರೆ ಮಗಾಗೆ ಮಾತು ಬತ್ತದಾ?" ಎಂದಳು.

"ಬತ್ತದೆ ಕಣಮ್ಮಾ. ಮೇಡಂ ಯೋಳವ್ರೆ. ಸ್ವಲ್ಪ ದಿನ ಅಷ್ಟೆ" ಎಂದ ಮಂಜ.

ಅವಳು ತಲೆಯಾಡಿಸಿದಳು. ಇಡೀ ಜನ್ಮದಲ್ಲಿ ನನ್ನ ಒಂದು ಮಾತನ್ನೂ ಒಂದೇ ಸಲಕ್ಕೆ ಕೇಳದವಳು ಇದನ್ನು ಕೇಳಿದಳು. ಮಗುವಿಗೆ ಒಳ್ಳೆಯದಾಗುತ್ತದೆ ಎಂದರೆ ಅವಳು ಉಸಿರನ್ನೂ ಹಿಡಿದುಕೊಳ್ಳುತ್ತಿದ್ದಳೇನೋ.

ನನ್ನ ಇಂಗ್ಲಿಷ್ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ನನಗೆ ಬರುವುದು ಕೌಂಟರ್ ಇಂಗ್ಲಿಷ್. ನೋ ಚೇಂಜ್, ಪ್ಲಾಟ್‌ಫಾರ್ಮ್ ಟೂ, ಟ್ರೇನ್ ಲೇಟ್, ನೆಕ್ಸ್ಟ್. ಈ ಬಂಡವಾಳ ಇಟ್ಟುಕೊಂಡು ಮೊಮ್ಮಗಳಿಗೆ ಇಂಗ್ಲಿಷ್ ವಾತಾವರಣ ಕಲ್ಪಿಸಲು ಹೊರಟೆ. ತುತ್ತು ಬಾಯಿಗಿಟ್ಟು "ನೆಕ್ಸ್ಟ್" ಎನ್ನುವೆ. ನುಂಗಿದ ಮೇಲೆ ಮತ್ತೆ "ನೆಕ್ಸ್ಟ್". ವೆಂಕಟಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಆ ನಗುವಿನ ಸದ್ದಿಗೆ ಹಂಸಿ ಫೋನಿನಿಂದ ಕಣ್ಣು ತೆಗೆದು ಬಾಗಿಲ ಕಡೆ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ತಕ್ಷಣ "ನೆಕ್ಸ್ಟ್" ಎಂದೆ.

ಆಮೇಲೆ ಟಿ.ವಿ.ಯ ಪ್ರಶ್ನೆ ಬಂತು. ಮಧ್ಯಾಹ್ನ ವೆಂಕಟಮ್ಮ ತೆಲುಗು ಧಾರಾವಾಹಿಗಳನ್ನು ನೋಡುವವಳು. ಆ ತೆಲುಗು ಮಗುವಿನ ಕಿವಿಗೆ ಬೀಳುತ್ತದಲ್ಲ! ಮಂಜ ಉಪಾಯ ಹುಡುಕಿದ. ತಾಯಿಗೊಂದು ಫೋನು ತಂದು, ಅದರಲ್ಲಿ ಅವಳ ಧಾರಾವಾಹಿಗಳನ್ನೆಲ್ಲ ತೋರಿಸಿಕೊಟ್ಟು, ಒಂದು ಇಯರ್‌ಫೋನು ತಂದ. ಮಗುವಿಗೆ ತೆಲುಗು ತಾಗದಿರಲೆಂದು ಅಜ್ಜಿಯ ಕಿವಿಗೆ ಬಿರಡೆ. ಅದನ್ನು ಮೊದಲ ಸಲ ಹಾಕಿಕೊಂಡಾಗ ಅವಳು ಬೆಚ್ಚಿಬಿದ್ದು, "ಅಯ್ಯೋ, ತಲೇಲಿ ಕೂತ್ಕೊಂಡೇ ಮಾತಾಡ್ತಾರಲ್ಲಾ!" ಎಂದಳು. ಎಲ್ಲರೂ ನಕ್ಕೆವು. ಮಾತಾಡುವುದನ್ನು ಬಿಟ್ಟವಳಿಗೆ ಕೇಳುವುದಾದರೂ ಇರಲಿ ಎಂದು ನನಗೂ ಅನಿಸಿತ್ತು.

ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಗೋಡೆ ಗಡಿಯಾರ ಇಷ್ಟು ಸದ್ದು ಮಾಡುತ್ತದೆಂದು ನನಗೆ ಗೊತ್ತಾದದ್ದೇ ಆಗ.

ಆದರೆ ಫಲ ಸಿಗಲಿಲ್ಲ ಎನ್ನುವ ಹಾಗಿರಲಿಲ್ಲ, ಅದೇ ನಮ್ಮನ್ನು ಕೆಡಿಸಿದ್ದು. ಹಂಸಿ ಒಂದು ದಿನ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಳು. ಬಣ್ಣಗಳ ಹೆಸರು, ಎ ಬಿ ಸಿ ಡಿ, ಆಕಾರಗಳ ಹೆಸರು, ಎಲ್ಲಾ ಸಲೀಸಾಗಿ, ನಮ್ಮ ಯಾರ ಬಾಯಲ್ಲೂ ಹೊರಳದ ಉಚ್ಚಾರದಲ್ಲಿ. ನಾನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾಲಿನ ಡೇರಿಗೆ ಮೆರವಣಿಗೆ ಹೋದೆ. ಅಲ್ಲಿ ಹಾಲು ಅಳೆಯುವ ಮುನಿಯಪ್ಪ ಕೆನ್ನೆ ಹಿಂಡಿ ಕೇಳಿದ:

"ಏನ್ ಕೂಸೇ ನಿನ್ನೆಸ್ರು?"

"ಆಕ್ಟಗನ್" ಎಂದಳು ಹಂಸಿ.

"ಏನಂತೆ ಕಣ್ಲಾ?" ಎಂದು ಹಿಂದಿದ್ದವರು ಕೇಳಿದರು.

"ಇಂಗ್ಲೀಸು ಕಣ್ಲಾ. ನಿಂಗೆಲ್ಲಿ ತಿಳೀತದೆ, ಓಗಿ ಕ್ಯಾನ್ ತೊಳಿ" ಎಂದ ಮುನಿಯಪ್ಪ.

ನಾನು ಉಬ್ಬಿಹೋದೆ. ಹೆಸರು ಕೇಳಿದರೆ ಮಗು ಎಂಟು ಮೂಲೆಯ ಆಕಾರದ ಹೆಸರು ಹೇಳುತ್ತಿದೆ ಎನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ.

ಹೋದದ್ದು ಶಾಂತಿಯ ತಲೆಗೆ. ಒಂದು ಭಾನುವಾರ ಅವಳು ಬಟ್ಟೆ ಒಗೆಯುತ್ತಿದ್ದಾಗ ಹಂಸಿ ಬಂದು ಅವಳ ಮಣಿಕಟ್ಟು ಹಿಡಿದು ಎಳೆದಳು. ಎಳೆದುಕೊಂಡು ಹೋಗಿ ನೀರಿನ ಬಿಂದಿಗೆಯ ಮುಂದೆ ನಿಲ್ಲಿಸಿ, ತಾಯಿಯ ಕೈಯನ್ನೇ ಎತ್ತಿ ಲೋಟದ ಮೇಲಿಟ್ಟಳು. ಮುಖ ನೋಡಲಿಲ್ಲ. ಬಾಯಿ ತೆರೆಯಲಿಲ್ಲ. ಬೇಕಾದ ಕೈಯನ್ನಷ್ಟೇ ಕರೆದುಕೊಂಡು ಹೋಗಿದ್ದಳು. ಅಷ್ಟು ದಿನವೂ ಹಾಗೇ ಮಾಡುತ್ತಿದ್ದಳು, ನಾವು ಜಾಣೆ ಎನ್ನುತ್ತಿದ್ದೆವು. ಶಾಂತಿ ಸೋಪಿನ ಕೈಯಲ್ಲೇ ಕುಸಿದು ಕುಳಿತು, "ಮಾವಾ, ಪರ್ಪಲ್ ಅಂತಾಳೆ, ತಣ್ಣಿ ಅನ್ನಕ್ಕೆ ಬರಲ್ಲ ಇವಳಿಗೆ" ಎಂದು ಜೋರಾಗಿ ಅತ್ತಳು. ತಮಿಳು ಶಬ್ದ ಬಾಯಿಂದ ಜಾರಿದ್ದಕ್ಕೆ ಅವಳೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು.

ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ನಾನು ಮತ್ತು ಶಾಂತಿ ಮಗುವನ್ನು ಕರೆದುಕೊಂಡು ಹೊರಟೆವು. ವೆಂಕಟಮ್ಮ ಹಸುಗಳಿಗಾಗಿ ಉಳಿದಳು. ಮಾರಿಕುಪ್ಪಂನಿಂದ ರೈಲು ಹೊರಟು ಸ್ವಲ್ಪ ಹೊತ್ತಿಗೇ ಫೋನಿನ ಚಾರ್ಜು ಮುಗಿಯಿತು. ಹಂಸಿ ಕಿರುಚಿದ ಕಿರುಚಾಟಕ್ಕೆ ಡಬ್ಬಿಯ ಜನವೆಲ್ಲ ನಮ್ಮನ್ನು ಮಕ್ಕಳ ಕಳ್ಳರ ಹಾಗೆ ನೋಡಿದರು. ಎದುರಿಗೆ ಕುಳಿತು ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸೊಬ್ಬಳು "ಅಳಾದೆ ಕಣ್ಣು, ಪೂ ವೇಣುಮಾ?" ಎಂದು ಅಳು ನಿಲ್ಲಿಸಲು ಒಂದು ತುಂಡು ಹೂವನ್ನು ಎತ್ತಿ ಹಿಡಿದಳು. ಶಾಂತಿ "ಅವಳಿಗೆ ಮಾತು ಬರಲ್ಲಕ್ಕಾ" ಎಂದರೂ ಅವಳು ಕೈ ಇಳಿಸಲಿಲ್ಲ. "ಪೂ, ಪೂ" ಎಂದು ತುಟಿ ಮುಂದೆ ಮಾಡಿ ತೋರಿಸುತ್ತಿದ್ದಳು. ಹಂಸಿಯ ಅಳು ನಿಂತಿತು. ಅವಳು ಆ ಹೆಂಗಸಿನ ಬಾಯನ್ನೇ ನೋಡತೊಡಗಿದಳು, ಅವಳ ತುಟಿಯೂ ಸಣ್ಣಗೆ ಮುಂದೆ ಬಂತು. ಸದ್ದು ಬರಲಿಲ್ಲ. ಬಂಗಾರಪೇಟೆ ಬಂತು, ಹೆಂಗಸು ಹೂವನ್ನು ಮಗುವಿನ ತಲೆಗೆ ಸಿಕ್ಕಿಸಿ ಬುಟ್ಟಿ ಹೊತ್ತುಕೊಂಡು ಇಳಿದುಹೋದಳು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಗುವಿನ ಕಿವಿ ಪರೀಕ್ಷೆ ಮಾಡಿದರು, ಆಟ ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹಗಲು ಹೊತ್ತು ಮಗುವಿನ ಜೊತೆ ಯಾರಿರ್ತಾರೆ?" ಎಂದು ಕೇಳಿದರು.

"ನಮ್ಮ ಮನೆಯವಳು."

"ಅವರು ಮಗು ಜೊತೆ ಏನು ಮಾತಾಡ್ತಾರೆ?"

"ಏನೂ ಮಾತಾಡಲ್ಲ ಮೇಡಂ" ಎಂದೆ, ಶಿಸ್ತನ್ನು ಪಾಲಿಸಿದವನ ಗತ್ತಿನಲ್ಲಿ. "ಅವಳ ಬಾಯಿಗೆ ಸಲೀಸಾಗಿ ಬರೋದು ತೆಲುಗು. ಅದಕ್ಕೇ ಮಾತಾಡಬೇಡ ಅಂದಿದೀವಿ."

ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಅಭ್ಯಾಸವಿತ್ತು. ಮೆಲ್ಲಗೆ ಹೇಳಿದರು: "ಮೂರು ಭಾಷೆಯಿಂದ ಮಗುಗೆ ತೊಂದರೆ ಆಗಿಲ್ಲ ತಾತ. ಒಂದು ಭಾಷೇಲೂ ಅದರ ಜೊತೆ ಯಾರೂ ಮಾತಾಡ್ತಿಲ್ಲ. ಫೋನು ಹೇಳ್ತಾನೇ ಹೋಗುತ್ತೆ, ಮಗು ಏನನ್ನುತ್ತೆ ಅಂತ ಅದು ನಿಲ್ಲಲ್ಲ. ನೀವು ಹೇಳಿ, ಆಮೇಲೆ ಸುಮ್ಮನಿದ್ದು ಕಾಯಿರಿ. ಇವಳಿಗೆ ಕಷ್ಟ ಇದೆ, ಇಲ್ಲ ಅನ್ನಲ್ಲ. ಆದರೆ ಬರ್ತಾಳೆ. ಅಜ್ಜಿಗೆ ಹೇಳಿ, ಅವರ ಭಾಷೇಲಿ ಅವರಿಗೆ ಹೇಗೆ ಬರುತ್ತೋ ಹಾಗೆ ಮಾತಾಡಲಿ."

ಹಿಂದಿರುಗುವ ರೈಲಿನಲ್ಲಿ ಶಾಂತಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಂಸಿ ಅವಳ ತೊಡೆಯ ಮೇಲೆ ಮಲಗಿದ್ದಳು. ಶಾಂತಿ ಬಗ್ಗಿ ಅವಳ ಕಿವಿಯಲ್ಲಿ ಅಷ್ಟು ದಿನದ ತಮಿಳನ್ನೆಲ್ಲ ಮೆಲ್ಲಗೆ ಸುರಿಯುತ್ತಿದ್ದಳು.

ಮನೆಗೆ ಬಂದು ಮಗುವಿನ ಫೋನನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದೆವು. ವೆಂಕಟಮ್ಮನಿಗೆ ವಿಷಯ ಹೇಳಿದೆ. ಅವಳು ಕುಣಿದಾಡುತ್ತಾಳೆ, ಒಂದು ವರ್ಷದ ಮಾತನ್ನು ಒಂದೇ ಸಂಜೆಗೆ ಆಡುತ್ತಾಳೆ ಎಂದುಕೊಂಡಿದ್ದೆ. ಅವಳು ಮಗುವಿನ ಮುಂದೆ ಕುಳಿತಳು. ಸೆರಗಿನ ತುದಿ ತಿರುಚಿದಳು. ಆಮೇಲೆ ನನ್ನ ಕಡೆ ನೋಡಿ, "ಏಂ ಮಾಟ್ಲಾಡೇದಿ? ಏನಂತ ಮಾತಾಡ್ಲಿ?" ಎಂದಳು.

ಒಲೆಯ ಜೊತೆ ಮಾತಾಡಿದವಳು, ಸೂಜಿಯ ಜೊತೆ ಮಾತಾಡಿದವಳು ಅವಳು. ನಾವು ಅವಳಿಂದ ಏನನ್ನು ಕಿತ್ತುಕೊಂಡಿದ್ದೆವು ಎನ್ನುವುದು ನನಗೆ ಆಗ ಅರ್ಥವಾಯಿತು. ತುಂಬಾ ದುಃಖವಾಯಿತು. ಅವಳು ಪ್ರಯತ್ನ ಮಾಡಲಿಲ್ಲವೆಂದಲ್ಲ. ದಿನಾ ಸ್ವಲ್ಪ ಹೊತ್ತು ಕುಳಿತು, ಇದು ಅನ್ನ, ಇದು ಕೋಳಿ ಎಂದು ಪಾಠ ಒಪ್ಪಿಸುವವಳ ಹಾಗೆ ಹೇಳುವಳು. ಮಗು ಎದ್ದು ಹೋಗುತ್ತಿತ್ತು. ಇವಳೂ ಎದ್ದು, ಮೂಲೆಗೆ ಹೋಗಿ ಇಯರ್‌ಫೋನು ಹಾಕಿಕೊಳ್ಳುತ್ತಿದ್ದಳು. ಅವಳ ಫೋನನ್ನು ಪೆಟ್ಟಿಗೆಗೆ ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದು ಸದ್ದು ಮಾಡುತ್ತಿರಲಿಲ್ಲವಲ್ಲ.

ಹಂಸಿ ಮಾತ್ರ, ಆ ಡಾಕ್ಟರಮ್ಮ ಹೇಳಿದ ಹಾಗೆ, ಬಂದಳು. ಮೊದಮೊದಲು ಫೋನಿಗಾಗಿ ನೆಲಕ್ಕೆ ತಲೆ ಚಚ್ಚಿಕೊಂಡಳು, ನನ್ನ ಕೈ ಕಚ್ಚಿದಳು. ಆಮೇಲೆ ನಿಧಾನಕ್ಕೆ ನಮ್ಮ ಬಾಯಿಗಳನ್ನು ಗಮನಿಸತೊಡಗಿದಳು. ಒಂದು ದಿನ ಬಿಂದಿಗೆಯ ಮುಂದೆ ನಿಂತು ಶಾಂತಿಗೆ "ತಣ್ಣಿ" ಎಂದಳು. ಇನ್ನೊಂದು ದಿನ ನನ್ನ ಕನ್ನಡಕ ಎಳೆದು ಮುರಿದು "ತಾತ" ಎಂದಳು. ನಾನು ಆ ಮುರಿದ ಕನ್ನಡಕವನ್ನೇ ಹಾಕಿಕೊಂಡು ಡೇರಿಗೆ ಹೋಗಿ ಎಲ್ಲರಿಗೂ ತೋರಿಸಿ ಬಂದೆ. ವೆಂಕಟಮ್ಮನಿಗೆ ಮಾತ್ರ ಇನ್ನೂ ಏನೂ ಸಿಕ್ಕಿರಲಿಲ್ಲ. "ಬತ್ತದೆ ಬಿಡು" ಎನ್ನುತ್ತಿದ್ದಳು, ನನ್ನ ಮುಖ ನೋಡದೆ.

ಈ ಸಲದ ಅವರೆಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ. ವೆಂಕಟಮ್ಮ ಜಗಲಿಯಲ್ಲಿ ಕುಳಿತು ಕಾಯಿ ಸುಲಿಯುತ್ತಿದ್ದಳು. ಮುಂದೆ ಫೋನು, ಕಿವಿಯಲ್ಲಿ ಬಿರಡೆ. ನಾನು ಈಚೆ ಕಟ್ಟೆಯ ಮೇಲೆ ಪೇಪರ್ ಹಿಡಿದಿದ್ದೆ. ಹಿತ್ತಿಲಲ್ಲಿ ಕರು ಹಗ್ಗ ಬಿಚ್ಚಿಕೊಂಡು ಒಣಹಾಕಿದ್ದ ಸೀರೆಯನ್ನು ತಲೆಯ ಮೇಲೆ ಹೊದ್ದುಕೊಂಡು ಕುರುಡಾಗಿ ಸುತ್ತುತ್ತಿತ್ತು. ಅದನ್ನು ನೋಡಿದ ಹಂಸಿ ನಗುತ್ತಾ ಓಡಿಬಂದಳು. ನನ್ನನ್ನು ದಾಟಿ ನೇರ ಅಜ್ಜಿಯ ಬೆನ್ನ ಹಿಂದೆ ಹೋಗಿ ನಿಂತು ಹೇಳಿದಳು:

"ಜೇಜಿ, ರಾ."

ಎರಡು ಮಾತು ಕೂಡಿಸಿ ಅವಳು ಯಾರನ್ನೂ ಅದುವರೆಗೆ ಕರೆದಿರಲಿಲ್ಲ. ನಾನು ಅಲ್ಲಾಡಲಿಲ್ಲ. ಅಲ್ಲಾಡಿದರೆ ಮಾತು ಹಾರಿಹೋಗುತ್ತದೇನೋ ಎಂಬ ಹೆದರಿಕೆ. ವೆಂಕಟಮ್ಮ ಅವರೆಕಾಯಿ ಸುಲಿಯುತ್ತಲೇ ಇದ್ದಳು. ಹಂಸಿ ಕಾದಳು. ಮಾತಾಡಿದ ಮೇಲೆ ಕಾಯಬೇಕೆಂದು ನಾವೆಲ್ಲ ಇಷ್ಟು ದಿನ ಅವಳ ಮುಂದೆ ಮಾಡಿದ್ದೆವಲ್ಲ, ಹಾಗೇ, ಬಗ್ಗಿ, ಅಜ್ಜಿಯ ಮುಖ ನೋಡುತ್ತಾ ಕಾದಳು. "ಜೇಜಿ, ರಾ" ಎಂದು ಇನ್ನೊಂದು ಸಲ ಅಂದಳು, ಈ ಸಲ ಮೆಲ್ಲಗೆ. ಆಮೇಲೆ ನಗು ಆರಿಹೋಗಿ, ತಿರುಗಿ ಹಿತ್ತಿಲಿಗೆ ನಡೆದುಬಿಟ್ಟಳು.

"ವೆಂಕಟಮ್ಮಾ!" ಎಂದು ನಾನು ಕೂಗಿದ್ದು ಊರಿಗೇ ಕೇಳಿಸಿರಬೇಕು.

ಅವಳು ಬಿರಡೆ ಕಿತ್ತು, "ಏಮಿ? ಏನಾತು?" ಎಂದಳು. ಹೇಳಿದೆ. ಮಡಿಲಲ್ಲಿದ್ದ ಕಾಳೆಲ್ಲ ಚೆಲ್ಲಿಕೊಂಡು ಎದ್ದು ಓಡಿದಳು. ಹಿತ್ತಿಲಲ್ಲಿ ಮಗುವಿನ ಮುಂದೆ ಮಂಡಿಯೂರಿ, "ನಾ ತಲ್ಲಿ, ಇಂಕೊಕಸಾರಿ ಅನು. ಇನ್ನೊಂದ್ಸಾರಿ ಅನ್ನಮ್ಮಾ" ಎಂದು ಬೇಡಿಕೊಂಡಳು. ಹಂಸಿ ಅವಳನ್ನು ನೋಡಿದಳು. ಆಮೇಲೆ ಅವಳ ಮಣಿಕಟ್ಟು ಹಿಡಿದುಕೊಂಡು, ಮಾತಿಲ್ಲದೆ, ಕರುವಿನ ಹತ್ತಿರಕ್ಕೆ ಎಳೆದುಕೊಂಡು ಹೋದಳು.

ಇದಾಗಿ ಕೆಲವು ವಾರಗಳಾದವು. ಆವತ್ತೇ ವೆಂಕಟಮ್ಮ ತನ್ನ ಫೋನನ್ನೂ ಇಯರ್‌ಫೋನನ್ನೂ ಶಾಂತಿಯ ಕೈಗೆ ಕೊಟ್ಟುಬಿಟ್ಟಳು. ಈಗ ಅವಳ ಬಾಯಿ ಮೊದಲಿನ ಹಾಗೆ ಹರಿಯುತ್ತದೆ, ಮಗುವಿನ ಹಿಂದೆ ಹಿಂದೆ, ಬೆಳಗಿನಿಂದ ಸಂಜೆವರೆಗೆ. ಹಂಸಿ ಕೇಳುತ್ತಾಳೆ, ನಗುತ್ತಾಳೆ. ನನಗೆ ತಾತ ಎನ್ನುತ್ತಾಳೆ, ಹಸುವಿಗೆ ರಾ ಎನ್ನುತ್ತಾಳೆ. ಅಜ್ಜಿಯನ್ನು ಮಾತ್ರ ಕೈ ಹಿಡಿದು ಎಳೆಯುತ್ತಾಳೆ. ಆ ಬೆನ್ನಿಗೆ ಕರೆದರೆ ಕೇಳಿಸುವುದಿಲ್ಲವೆಂದು ಅವಳು ಕಲಿತುಬಿಟ್ಟಳೇನೋ. ಮತ್ತೆ ಕರೆಯುತ್ತಾಳೆ, ಸ್ವಲ್ಪ ದಿನ ಹಿಡಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಅಲ್ಲಿಯವರೆಗೆ ವೆಂಕಟಮ್ಮನ ಪಾಲಿನ ಆ ಮಾತು ನನ್ನ ಕಿವಿಯಲ್ಲಿದೆ, ಅವಳ ಕಿವಿಯಲ್ಲಿಲ್ಲ. ಸಂಜೆ ಹಾಲು ಕರೆದು ಬಂದು ನನ್ನ ಪಕ್ಕ ಕುಳಿತಾಗ ಕೇಳುತ್ತಾಳೆ: "ಏಮಯ್ಯಾ, ಎಟ್ಲ ಅನಿಂದಿ? ಎಂಗಂದ್ಳು, ಒಂದ್ಸಾರಿ ಅನ್ನು."

ನಾನು ಗಂಟಲು ಸರಿಮಾಡಿಕೊಂಡು, ನನ್ನ ಒಡಕು ದನಿಯನ್ನು ಆದಷ್ಟು ಸಣ್ಣಗೆ ಮಾಡಿ ಹೇಳುತ್ತೇನೆ: "ಜೇಜಿ, ರಾ."

ಅವಳು ನನ್ನ ಬಾಯನ್ನೇ ನೋಡುತ್ತಾಳೆ. ಆಮೇಲೆ "ಅಂಗಿರಲ್ಲ ಬಿಡು" ಎಂದು ಎದ್ದುಹೋಗುತ್ತಾಳೆ. ಮಾರನೆಯ ದಿನ ಬಂದು ಮತ್ತೆ ಕೇಳುತ್ತಾಳೆ.